ಎಡ್ಡಿ ಲಾಸನ್ ಕೇವಲ ಬೀಳದೆ ಓಡಿಸಿ ಚಾಂಪಿಯನ್ ಆದವರೇ?

ಮೋಟಾರ್‌ಸೈಕಲ್ ರೇಸಿಂಗ್‌ನಲ್ಲಿ ಎಡ್ಡಿ ಲಾಸನ್ ನಾಲ್ಕು ಬಾರಿ 500 ಸಿಸಿ ವಿಶ್ವ ಚಾಂಪಿಯನ್ ಆದದ್ದು ಬೀಳದೆ ಓಡಿಸಿದ್ದರಿಂದ ಮಾತ್ರವೇ, ಅಂಥವರನ್ನು ಸುಜುಕಿ ಸವಾರ ಕೆವಿನ್ ಶ್ವಾಂಟ್ಸ್‌ರಂಥ ಸಾಹಸಿಗಳ ಸಾಲಿನಲ್ಲಿ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ನಿಲ್ಲಿಸಬಹುದು ಎಂಬುದು ನನ್ನ ಅಭಿಪ್ರಾಯ. 31 ಗ್ರ್ಯಾನ್ ಪ್ರಿ (ವಿಶ್ವ ಚಾಂಪಿಯನ್‌ಷಿಪ್‌ನ ರೇಸ್) ಗೆದ್ದವರನ್ನು ನಿಧಾನಸ್ಥ ಎನ್ನುವುದಾದರೂ ಹೇಗೆ?

ಬೀಳದಿರುವುದು ಆ ಕಾಲದ ಬೈಕ್‌ಗಳ ಮೇಲೆ ಸಣ್ಣ ಸಂಗತಿಯಾಗಿರಲಿಲ್ಲ. 500 ಸಿಸಿ ಟೂ-ಸ್ಟ್ರೋಕ್ ಎಂಜಿನ್ನಿನ ಶಕ್ತಿಯೆಲ್ಲ ಎಂಜಿನ್ ತಿರುಗುವ ವೇಗದ ಒಂದು ಕಿರಿದಾದ ವ್ಯಾಪ್ತಿಯಲ್ಲಿ ಒಮ್ಮೆಲೇ ನುಗ್ಗಿ ಬರುತ್ತಿತ್ತು, ಅದನ್ನು ಪಳಗಿಸಲು ಇಂದಿನಂತೆ ಎಲೆಕ್ಟ್ರಾನಿಕ್ ನಿಯಂತ್ರಣ ಇರಲಿಲ್ಲ. ತಿರುವಿನಿಂದ ಹೊರಬರುವಾಗ ಬೈಕ್ ಇನ್ನೂ ವಾಲಿರುವಂತೆಯೇ ಥ್ರಾಟಲ್ ತುಸು ಹೆಚ್ಚು ತೆರೆದರೆ ಹಿಂಚಕ್ರ ಜಾರುತ್ತದೆ. ಜಾರಿದ ಚಕ್ರ ಥಟ್ಟನೆ ಹಿಡಿತ ಕಂಡುಕೊಂಡರೆ ಸವಾರ ಸೀಟಿನಿಂದ ಮೇಲಕ್ಕೆ ಎಸೆಯಲ್ಪಡುತ್ತಾನೆ. ಹೈಸೈಡ್ ಎನ್ನುವ ಈ ಬಗೆಯ ಬೀಳುವಿಕೆ ಹಲವರ ಆ ವರ್ಷದ ರೇಸಿಂಗ್ ಋತುವನ್ನೇ ಮುಗಿಸಿದೆ. ಲಾಸನ್ ಥ್ರಾಟಲನ್ನು ನಯವಾಗಿ ತೆರೆಯುತ್ತಿದ್ದರು, ಅದರಿಂದಾಗಿ ಅವರ ಟೈರ್‌ಗಳು ಕೊನೆಯ ಸುತ್ತುಗಳವರೆಗೂ ಬಾಳುತ್ತಿದ್ದವು.

ಅಮೆರಿಕದಲ್ಲಿ ಕವಾಸಾಕಿ ಓಡಿಸಿ 1981 ಮತ್ತು 1982ರ ಸೂಪರ್‌ಬೈಕ್ ಪ್ರಶಸ್ತಿ ಗೆದ್ದ ಈ ಕ್ಯಾಲಿಫೋರ್ನಿಯಾದ ಸವಾರ, 1983ರಲ್ಲಿ ಯಮಹಾ ತಂಡದಲ್ಲಿ ಕೆನ್ನಿ ರಾಬರ್ಟ್ಸ್ ಅವರ ಜೊತೆಗಾರನಾಗಿ ಸೇರಿದರು. ಆ ವರ್ಷ ರಾಬರ್ಟ್ಸ್ ಪ್ರಶಸ್ತಿ ಕಳೆದುಕೊಂಡದ್ದು ಬರೀ ಎರಡು ಅಂಕಗಳಿಂದ. ಒಂದೊಂದು ಅಂಕದ ಬೆಲೆ ಏನೆಂಬುದನ್ನು ಲಾಸನ್ ಅಲ್ಲಿ ಹತ್ತಿರದಿಂದಲೇ ಕಂಡಿರಬೇಕು. 1984, 1986 ಮತ್ತು 1988ರಲ್ಲಿ ಅವರು ಯಮಹಾಕ್ಕೆ ಪ್ರಶಸ್ತಿ ತಂದುಕೊಟ್ಟರು.

ಆದರೆ ಅವರ ನಿಜವಾದ ಕಸುಬನ್ನು ನೋಡಬೇಕಾದರೆ 1989ನ್ನು ನೋಡಬೇಕು. ಚಾಂಪಿಯನ್ ಆದ ಬೆನ್ನಲ್ಲೇ ಅವರು ಯಮಹಾವನ್ನು ಬಿಟ್ಟು, ಅರ್ವ್ ಕನೆಮೊಟೊ ಅವರ ಉಸ್ತುವಾರಿಯಲ್ಲಿ ಹೊಂಡಾ ಏರಿದರು. ಹೊಂಡಾದ ಎಂಜಿನ್ ಬಲಶಾಲಿಯಾಗಿತ್ತು, ಚಾಸಿ (ಬೈಕ್‌ನ ಚೌಕಟ್ಟು) ಮಾತ್ರ ತಿರುವುಗಳಲ್ಲಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಋತುವಿನುದ್ದಕ್ಕೂ ಅದನ್ನು ತಿದ್ದುತ್ತಲೇ ಇರಬೇಕಾಯಿತು. ಆಗ ಗೆದ್ದವರಿಗೆ 20 ಅಂಕ, ಎರಡನೆಯವರಿಗೆ 17, ಮೂರನೆಯವರಿಗೆ 15. ಅಂದರೆ ಗೆಲುವಿಗಾಗಿ ಪ್ರಾಣ ಪಣಕ್ಕಿಟ್ಟರೆ ಸಿಗುವ ಲಾಭ ಮೂರು ಅಂಕ, ಬಿದ್ದರೆ ಆಗುವ ನಷ್ಟ ಹದಿನೇಳು. ಶ್ವಾಂಟ್ಸ್ ಆ ವರ್ಷ ಆರು ರೇಸ್ ಗೆದ್ದರೂ, ಸ್ಪೇನಿನ ಜೆರೆಜ್‌ನಲ್ಲಿ ಮುಂಚೂಣಿಯಲ್ಲಿದ್ದಾಗ ಬಿದ್ದಂಥ ಪ್ರಸಂಗಗಳಿಂದಾಗಿ ಕೊನೆಗೆ ನಾಲ್ಕನೆಯವರಾದರು. ಜೆರೆಜ್‌ನಲ್ಲಿ ಗೆದ್ದವರು ಲಾಸನ್.

ಅಂಕಪಟ್ಟಿಯಲ್ಲಿ ಮುಂದಿದ್ದ ಯಮಹಾ ಸವಾರ ವೇಯ್ನ್ ರೈನಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಲಾಸನ್ ಅವರನ್ನು ಬೆನ್ನಟ್ಟುತ್ತಾ ಬಿದ್ದುಬಿಟ್ಟರು. ಉಳಿದ ಎರಡೂ ರೇಸ್‌ಗಳನ್ನು ಶ್ವಾಂಟ್ಸ್ ಗೆದ್ದರು, ಲಾಸನ್ ಎರಡರಲ್ಲೂ ದ್ವಿತೀಯ ಸ್ಥಾನದಲ್ಲಿ ತೃಪ್ತರಾದರು. ಅಂತಿಮ ಲೆಕ್ಕ: ಲಾಸನ್ 228, ರೈನಿ 210.5. ಉಳಿದುದೆಲ್ಲ ಹಾಗೆಯೇ ನಡೆದು, ಸ್ವೀಡನ್ನಿನಲ್ಲಿ ರೈನಿ ಎರಡನೇ ಸ್ಥಾನಕ್ಕೆ ಒಪ್ಪಿಕೊಂಡಿದ್ದರೆ ಅಂತರ ಅರ್ಧ ಅಂಕಕ್ಕೆ ಇಳಿಯುತ್ತಿತ್ತು. ಬೇರೆ ಬೇರೆ ಕಂಪನಿಗಳ ಬೈಕ್‌ಗಳಲ್ಲಿ ಸತತ ಎರಡು ವರ್ಷ 500 ಸಿಸಿ ಪ್ರಶಸ್ತಿ ಗೆದ್ದ ಮೊದಲಿಗರು ಲಾಸನ್ನರೇ.

ಒಂದೂ ರೇಸ್ ಗೆಲ್ಲದೆ 1999ರಲ್ಲಿ 125 ಸಿಸಿ ಚಾಂಪಿಯನ್ ಆದ ಎಮಿಲಿಯೊ ಅಲ್ಜಮೋರಾ ಅವರಂಥವರ ವಿಷಯದಲ್ಲಾದರೆ ನಿಮ್ಮ ಸಂದೇಹಕ್ಕೆ ಸ್ವಲ್ಪ ಆಧಾರವಿದೆ, ನಿಯಮದ ಪ್ರಕಾರ ಅದೂ ನ್ಯಾಯವಾದ ಗೆಲುವೇ ಆದರೂ.

ಇನ್ನು ಲಾಸನ್ ಅಪಾಯಕ್ಕೆ ಹಿಂಜರಿಯುವವರು ಎಂಬ ಮಾತಿಗೆ ಉತ್ತರವಾಗಿ 1992ರ ಹಂಗೇರಿಯ ರೇಸ್ ಸಾಕು. ಮಳೆಯಿಂದ ನೆನೆದ ಟ್ರ್ಯಾಕ್ ಒಣಗುತ್ತದೆಂದು ಅಂದಾಜಿಸಿ ಅದಕ್ಕೆ ತಕ್ಕ ಟೈರ್ ಹಾಕಿಸಿಕೊಂಡ ಅವರು ಮೊದಲ ಸುತ್ತುಗಳಲ್ಲಿ ತೀರಾ ಹಿಂದುಳಿದರು. ಟ್ರ್ಯಾಕ್ ಒಣಗುತ್ತಿದ್ದಂತೆ ಮಳೆಯ ಟೈರ್‌ನಲ್ಲಿದ್ದವರನ್ನೆಲ್ಲ ದಾಟಿ ಇಟಲಿಯ ಬೈಕ್ ಕಂಪನಿ ಕಜೀವಾಕ್ಕೆ ಮೊತ್ತಮೊದಲ 500 ಸಿಸಿ ಗೆಲುವು ತಂದರು. ಅದು ಅವರ ಕೊನೆಯ ಗ್ರ್ಯಾನ್ ಪ್ರಿ ಗೆಲುವೂ ಹೌದು. ಆ ಋತುವಿನ ಕೊನೆಗೆ ನಿವೃತ್ತರಾದ ಅವರು 1993ರಲ್ಲಿ ಮತ್ತೆ ಬಂದು ಅಮೆರಿಕದ ಡೇಟೋನಾ 200 ಬೈಕ್ ರೇಸನ್ನು ಗೆದ್ದರು. ಆಮೇಲೆ ಕಾರ್ ರೇಸಿಂಗ್ ಕಡೆಗೆ ಹೊರಳಿದರು.