ಥೈರಾಯ್ಡ್ ಮಾತ್ರೆ ತಗೊಂಡರೂ ಟಿಎಸ್‌ಎಚ್ ಇಳೀತಿಲ್ಲ: ಪ್ರತಿಕ್ರಿಯೆ

75 ಮೈಕ್ರೋಗ್ರಾಂ ಥೈರಾಕ್ಸಿನ್ ತಪ್ಪಿಸದೆ ತಗೊಂಡರೂ ಅಮ್ಮನ ಟಿಎಸ್‌ಎಚ್ 9ರ ಹತ್ತಿರವೇ ಇದೆ ಅಂದಿದ್ದೀರಿ (ಟಿಎಸ್‌ಎಚ್ ಅಂದರೆ ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ). ಮಾತ್ರೆಗಿಂತ ಹೆಚ್ಚಾಗಿ, ಅದರ ಜೊತೆಗೆ ಕುಡಿಯುವ ಕಾಫಿ ಮತ್ತು ತಿಂಡಿಯಾದ ಕೂಡಲೇ ನುಂಗುವ ಕ್ಯಾಲ್ಸಿಯಂ ಮೇಲೆಯೇ ನನಗೆ ಅನುಮಾನ. ಥೈರಾಕ್ಸಿನ್ ರಕ್ತಕ್ಕೆ ಸೇರುವುದು ಸಣ್ಣಕರುಳಿನಿಂದ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಹೊಟ್ಟೆಯೊಳಗೆ ಅದಕ್ಕೆ ಅಂಟಿಕೊಂಡರೆ ಒಂದಷ್ಟು ಔಷಧಿ ಮಲದಲ್ಲೇ ಹೋಗಿಬಿಡುತ್ತದೆ.

ಎದ್ದ ತಕ್ಷಣ ಬರೀ ನೀರಲ್ಲಿ ಮಾತ್ರೆ ನುಂಗಲಿ. ಆಮೇಲೆ ಒಂದು ಗಂಟೆ ಏನೂ ಬೇಡ, ಅರ್ಧ ಲೋಟ ಕಾಫಿಯೂ ಬೇಡ (ಡಿಕಾಕ್ಷನ್ ಕಮ್ಮಿ ಹಾಕಿದರೂ ಅದು ಕಾಫಿಯೇ). ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಸರಿಸಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಡುವೆ ಕನಿಷ್ಠ 4 ಗಂಟೆ ಇರಲಿ. ಬೆಳಗಿನ ಕಾಫಿ ಮುಂದೂಡಲು ಒಪ್ಪದಿದ್ದರೆ, ರಾತ್ರಿ ಊಟವಾಗಿ 3 ಗಂಟೆ ಬಿಟ್ಟು ಮಾತ್ರೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ (ಆಮ್ಲ ತಗ್ಗಿಸುವ ಔಷಧಿ) ನಡೆಯುತ್ತಿದ್ದರೆ ಅದನ್ನೂ ಹೇಳಿ. ಜಠರದ ಆಮ್ಲ ಕಮ್ಮಿಯಾದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಕರಗುವುದಿಲ್ಲ.

ನೀವಾಗಿಯೇ ಡೋಸ್ ಏರಿಸಬೇಡಿ. ಹೀರಿಕೆ ಸರಿಹೋದಾಗ ಏರಿಸಿದ್ದು ಅತಿಯಾಗಿ ಎದೆ ಡವಡವ ಅನ್ನಬಹುದು. 6ರಿಂದ 8 ವಾರ ಹೀಗೆ ನಡೆಸಿ ಟಿಎಸ್‌ಎಚ್ ಮಾಡಿಸಿ. ಬೇಗ ಮಾಡಿಸಿದರೆ ಬದಲಾವಣೆ ಪೂರ್ತಿ ಕಾಣಿಸುವುದಿಲ್ಲ. ಆಗಲೂ ಇಳಿಯದಿದ್ದರೆ ಡೋಸೇ ಸಾಲದಿರಬಹುದು, ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ.