ಬಾಲ್‌ರೂಮ್ ವಾಲ್ಟ್ಸ್ ಕಲಿತು ಆಮೇಲೆ ಕೇಜನ್ ಡ್ಯಾನ್ಸ್‌ಗೆ ಹೋಗ್ಲಾ?

ಅಮೆರಿಕದ ಲೂಯಿಸಿಯಾನಾದ ಲಫಾಯೆಟ್‌ಗೆ ಹೊಸಬರು, ಜೊತೆಗೆ ಕುಣಿಯೋಕೆ ಯಾರೂ ಇಲ್ಲ, ಮೊದ್ಲು ಬಾಲ್‌ರೂಮ್ ಕ್ಲಾಸಲ್ಲಿ ವಾಲ್ಟ್ಸ್, ಅಂದ್ರೆ ಮೂರು ಬೀಟಿನ ಜೋಡಿ ಕುಣಿತ, ಗಟ್ಟಿ ಮಾಡ್ಕೊಂಡು ಆಮೇಲೆ ಕೇಜನ್ ಹಾಲ್‌ಗೆ, ಅಂದ್ರೆ ಅಲ್ಲಿನ ಫ್ರೆಂಚ್ ಮೂಲದ ಜನರ ಡ್ಯಾನ್ಸ್ ಹಾಲ್‌ಗೆ, ಹೋಗ್ಲಾ ಅಂತೀರಿ. ಬೇಡ ಕಣ್ರೀ. ನಾನು ಹ್ಯೂಸ್ಟನ್‌ನಲ್ಲಿದ್ದಾಗ ಇದೇ ಲೆಕ್ಕ ಹಾಕಿ, ಫೀಸ್ ಕೊಟ್ಟು ಕಲ್ತು, ಐ-10 ಹೈವೇ ಹಿಡ್ಕೊಂಡು ಮೂರೂವರೆ ಗಂಟೆ ಡ್ರೈವ್ ಮಾಡಿ ಲಫಾಯೆಟ್ ಪಕ್ಕದ ಬ್ರೋ ಬ್ರಿಡ್ಜ್ ಊರಿನ ಒಂದು ಹಾಲ್‌ಗೆ ಬಂದೆ, ಕೈಯಲ್ಲಿ ವಾಲ್ಟ್ಸ್ ಇದೆ ಅನ್ನೋ ಧೈರ್ಯದಲ್ಲಿ.

ಕೆಡಿಸಿದ್ದೇ ಆ ವಾಲ್ಟ್ಸ್. ಬಾಲ್‌ರೂಮಲ್ಲಿ ಹೊಸಬರಿಗೆ ಹೇಳ್ಕೊಡೋದು ಬಾಕ್ಸ್ ಸ್ಟೆಪ್. ಎಡಗಾಲು ಮುಂದೆ, ಬಲಗಾಲು ಪಕ್ಕಕ್ಕೆ, ಎಡಗಾಲು ತಂದು ಸೇರ್ಸು, ಆಮೇಲೆ ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ, ಸೇರ್ಸು. ಆರು ಬೀಟ್ ಮುಗಿಯೋ ಹೊತ್ತಿಗೆ ಹೊರಟ ಜಾಗಕ್ಕೇ ವಾಪಸ್. ಇಲ್ಲಿ ನೋಡಿದ್ರೆ ಇಡೀ ಹಾಲ್ ಗಡಿಯಾರದ ಉಲ್ಟಾ ದಿಕ್ಕಲ್ಲಿ ಸುತ್ತು ಹಾಕ್ತಾ ಮುಂದೆ ಮುಂದೆ ಹೋಗ್ತಿದೆ, ನಾನೊಬ್ಬ ದೇವಸ್ಥಾನದಲ್ಲಿ ಎಲ್ರೂ ಪ್ರದಕ್ಷಿಣೆ ಹಾಕುವಾಗ ದಾರಿ ಮಧ್ಯೆ ನಿಂತು ಆತ್ಮಪ್ರದಕ್ಷಿಣೆ ಹಾಕೋನ ಥರ. ಮುಂದೆ ಹೋಗದಿದ್ರೆ ಹೋಗ್ಲಿ, ನಾಲ್ಕನೇ ಬೀಟ್ ಬಂದ ತಕ್ಷಣ ಬಲಗಾಲು ತಾನಾಗೇ ಹಿಂದಕ್ಕೆ ಹೋಗೋದು, ಅಲ್ಲಿ ಇನ್ನೊಂದು ಜೋಡಿ ಬರ್ತಾ ಇರೋದು, ಗುದ್ದು. ಅವ್ರು ಸಾರಿ ಅಂತ ನಕ್ಕು ದಾಟ್ಕೊಂಡು ಹೋದ್ರು, ತಪ್ಪು ನಂದು.

ಜೊತೇಲಿ ಕುಣೀತಿದ್ದ ಹಿರಿ ಹೆಂಗಸು ಒಬ್ರು ಏನೂ ಅನ್ಲಿಲ್ಲ. ಬಾಲ್‌ರೂಮ್ ಅಭ್ಯಾಸದಲ್ಲಿ ನಾನು ತುದಿಗಾಲಿಗೆ ಏರಿದಾಗೆಲ್ಲ ನನ್ನ ಭುಜದ ಮೇಲಿದ್ದ ಅಂಗೈಯಲ್ಲೇ ಮೆಲ್ಲಗೆ ಕೆಳಗೆ ಒತ್ತೋರು. ಕೇಜನ್ ವಾಲ್ಟ್ಸಲ್ಲಿ ತಲೆ ಏರೋದು ಇಳಿಯೋದು ಇಲ್ಲ. ಮಂಡಿ ಸಡಿಲ, ಪಾದ ನೆಲ ಬಿಟ್ಟು ಮೇಲೆ ಏಳಲ್ಲ, ಒಂದಕ್ಕೆ ಸ್ವಲ್ಪ ದೊಡ್ಡ ಹೆಜ್ಜೆ, ಎರಡು ಮೂರಕ್ಕೆ ಚಿಕ್ಕದು, ಎಡ-ಬಲ-ಎಡ, ಬಲ-ಎಡ-ಬಲ, ನಡ್ಕೊಂಡು ಹೋಗೋ ಹಾಗೆ, ಅಷ್ಟೇ! ಇದು ತಲೆಗೆ ಅವತ್ತೇ ಹೊಕ್ತು, ಕಾಲಿಗೆ ಹೊಗೋಕೆ ತಿಂಗಳುಗಟ್ಲೆ ಆಯ್ತು, ಏನೂ ಗೊತ್ತಿಲ್ದೆ ನನ್ನ ಜೊತೆಗೇ ಶುರು ಮಾಡಿದೋರು ಅಷ್ಟರಲ್ಲಿ ಹಾಯಾಗಿ ಕುಣೀತಿದ್ರು. ಅದಕ್ಕೇ ಹೇಳ್ತಿರೋದು, ನಿಮಗೆ ಏನೂ ಬರದೇ ಇರೋದೇ ಅನುಕೂಲ.

ಕೇಜನ್ ಹಾಲಲ್ಲಿ ಕುಣಿಯೋ ಇನ್ನೊಂದು ಕುಣಿತ ಟೂ-ಸ್ಟೆಪ್, ಅದು ಇನ್ನೂ ಸುಲಭ. ಪಕ್ಕಕ್ಕೆ ಹೆಜ್ಜೆ, ಸೇರ್ಸು, ಮತ್ತೆ ಹೆಜ್ಜೆ, ಟಚ್, ಆಮೇಲೆ ಇನ್ನೊಂದು ಕಡೆಗೆ ಹೀಗೇ. ಬೀಟ್ ತಪ್ಪಿದ್ರೆ ಅಕಾರ್ಡಿಯನ್ ಹಿಂದೆ ಹೋಗ್ಬೇಡಿ, ಅದು ರಾಗ ನುಡಿಸ್ತಿರತ್ತೆ, ತ್ರಿಕೋನದ ಕಬ್ಬಿಣದ ಸದ್ದು ಕೇಳಿ. ವಿಡಿಯೋದಲ್ಲಿ ಕೈ ಹೆಣೆದು ಗಿರಗಿರ ತಿರುಗಿಸ್ತಾರಲ್ಲ, ಅದು ಜಿಟರ್‌ಬಗ್, ನೋಡೋಕೆ ಚೆಂದ, ಆದ್ರೆ ಅದರಿಂದ ಶುರು ಮಾಡೋರು ಕೈ ಕಲೀತಾರೆ, ಕಾಲು ಕಲಿಯಲ್ಲ. ಜೈಡಿಕೊ ಅನ್ನೋ ಸಂಗೀತ, ಕುಣಿತ ಬೇರೇನೇ, ಅದು ಲೂಯಿಸಿಯಾನಾದ ಕಪ್ಪು ಕ್ರಿಯೋಲ್ ಜನರದ್ದು, ಎರಡನ್ನೂ ಒಟ್ಟಿಗೆ ಹಚ್ಕೊಂಡು ಕಲಸುಮೇಲೋಗರ ಮಾಡ್ಕೋಬೇಡಿ.

ಜೋಡಿ ಇಲ್ಲ ಅನ್ನೋದು ಅಲ್ಲಿ ಸಮಸ್ಯೆನೇ ಅಲ್ಲ. ಗಂಡ ಹೆಂಡ್ತಿ ಬಂದ್ರೂ ಬೇರೆಯವ್ರ ಜೊತೆ ಕುಣೀತಾರೆ, ಗುರುತಿಲ್ಲದೋರನ್ನ ಕೇಳೋದು ಮಾಮೂಲಿ, ಒಂದು ಹಾಡು ಮುಗಿದ್ಮೇಲೆ ಥ್ಯಾಂಕ್ಸ್ ಹೇಳಿ ಅವ್ರ ಜಾಗದ ತನಕ ಬಿಟ್ಟು ಬಂದ್ರೆ ಆಯ್ತು. ನಿಮ್ಮೂರಲ್ಲೇ ವರ್ಮಿಲಿಯನ್‌ವಿಲ್ ಅನ್ನೋ ಹಳೇ ಹಳ್ಳಿ ಥರದ ಮ್ಯೂಸಿಯಂನಲ್ಲಿ ಭಾನುವಾರ ಮಧ್ಯಾಹ್ನದ ಡ್ಯಾನ್ಸ್ ಇದೆಯಲ್ಲ, ಅಲ್ಲಿ ಶುರು ಮಾಡಿ. ಸ್ವಲ್ಪ ಧೈರ್ಯ ಬಂದ್ಮೇಲೆ ಮಾಮೂ ಊರಿನ ಫ್ರೆಡ್ಸ್ ಲೌಂಜ್‌ಗೆ ಶನಿವಾರ ಬೆಳಗ್ಗೆ ಹೋಗಿ, ಚಿಕ್ಕ ಬಾರು, ಬ್ಯಾಂಡ್ ನಡುಮಧ್ಯೆ ಹಗ್ಗ ಕಟ್ಟಿದ ಜಾಗದೊಳಗೆ ಇರತ್ತೆ, ಜನ ಅದ್ರ ಸುತ್ತ ಕುಣೀತಾರೆ. ಅಲ್ಲಿ ಯಾರಾದ್ರೂ ಬಾಕ್ಸ್ ಹಾಕಿದ್ರೆ ಮುಗೀತು ಕಥೆ.

ಆ ಕ್ಲಾಸ್ ದುಡ್ಡಲ್ಲಿ ಒಂದು ಚರ್ಮದ ಸೋಲ್ ಇರೋ ಶೂ ತಗೊಳ್ಳಿ. ರನ್ನಿಂಗ್ ಶೂದಲ್ಲಿ ರಬ್ಬರ್ ನೆಲಕ್ಕೆ ಕಚ್ಕೊಳತ್ತೆ, ಮೈ ತಿರುಗತ್ತೆ ಪಾದ ತಿರುಗಲ್ಲ, ಮಾರನೇ ದಿನ ಮಂಡಿ ಹಿಡ್ಕೊಂಡು ಆಫೀಸ್ ಮೆಟ್ಟಿಲು ಹತ್ತಬೇಕಾಗತ್ತೆ.