ಕೈತೋಟ ಪ್ರಶ್ನೋತ್ತರ: ಸಿಂಪಡಿಸುವ ಮೊದಲು ಎಲೆಯ ಅಡಿಯನ್ನು ನೋಡಿ

ರಾಸಾಯನಿಕಗಳ ಹಂಗಿಲ್ಲದೆ ಮನೆಯಂಗಳದಲ್ಲಿ ಹುಲ್ಲು, ತರಕಾರಿ ಬೆಳೆಸಹೊರಟ ಓದುಗರಿಂದ ಈ ತಿಂಗಳು ಸಾಕಷ್ಟು ಪತ್ರಗಳು ಬಂದಿವೆ. ಹೆಚ್ಚಿನವರು ‘ಏನು ಸಿಂಪಡಿಸಬೇಕು’ ಎಂದಷ್ಟೇ ಕೇಳಿದ್ದಾರೆ. ಗಿಡದಲ್ಲಿ ಏನನ್ನು ಕಂಡಿರೆಂದು ಬರೆದವರು ಕಡಿಮೆ. ಸಾವಯವ ವಿಧಾನದಲ್ಲಿ ಔಷಧಿಗಿಂತ ಕಾರಣ ಪತ್ತೆಮಾಡುವುದೇ ಮುಖ್ಯವಾದ್ದರಿಂದ, ಲಕ್ಷಣಗಳನ್ನು ವಿವರಿಸಿರುವ ಪತ್ರಗಳನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮನೆಯ ಮುಂದೆ ಸುಮಾರು 600 ಚದರ ಅಡಿಯ ಮೆಕ್ಸಿಕನ್ ಹುಲ್ಲುಹಾಸು ಇದೆ. ಅಲ್ಲಲ್ಲಿ ದುಂಡಗೆ ಹಳದಿಯಾಗಿ ಒಣಗುತ್ತಿದೆ, ಜೇಕು ಎಂಬ ಕಳೆ ಬೇರೆ ಹಬ್ಬಿದೆ. ಯೂರಿಯಾ ಹಾಕಿ ಕಳೆನಾಶಕ ಹೊಡೆಯೋಣ ಎಂದು ಮಾಲಿ ಹೇಳುತ್ತಾರೆ. ಮಕ್ಕಳೂ ನಾಯಿಯೂ ಅಲ್ಲಿಯೇ ಆಡುವುದರಿಂದ ನನಗೆ ಒಪ್ಪಿಗೆಯಿಲ್ಲ. ಬೇರೆ ದಾರಿ ಏನು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಹಿಂಜರಿಕೆ ಸರಿಯಾಗಿಯೇ ಇದೆ. ಮೊದಲು ಹಳದಿ ಕಲೆಗಳ ಕಾರಣವನ್ನು ತಿಳಿಯೋಣ. ಕಲೆಯ ಅಂಚಿನಲ್ಲಿ ಹುಲ್ಲು ಉಳಿದೆಡೆಗಿಂತ ಕಡುಹಸಿರಾಗಿ ಸೊಂಪಾಗಿ ಬೆಳೆದಿದ್ದರೆ ಅದು ನಾಯಿಯ ಮೂತ್ರದ ಗುರುತು. ನಡುವೆ ಸಾರಜನಕ ಅತಿಯಾಗಿ ಹುಲ್ಲು ಸುಟ್ಟಿರುತ್ತದೆ, ಅಂಚಿನಲ್ಲಿ ಅದೇ ಸಾರಜನಕ ಗೊಬ್ಬರವಾಗಿರುತ್ತದೆ. ನಾಯಿ ಮೂತ್ರ ಮಾಡಿದ ಕೂಡಲೇ ಆ ಜಾಗಕ್ಕೆ ಒಂದು ಬಕೆಟ್ ನೀರು ಸುರಿದರೆ ಸಾಕು. ಅಂಚಿನಲ್ಲಿ ಹಸಿರು ಉಂಗುರ ಕಾಣದಿದ್ದರೆ ಕಲೆಯ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಬೇರಿನ ಹಿಡಿತವಿಲ್ಲದೆ ಚಾಪೆಯಂತೆ ಎದ್ದುಬಂದರೆ, ಕೆಳಗಿನ ಮಣ್ಣಿನಲ್ಲಿ ಕಂದು ತಲೆಯ, ಬಿಲ್ಲಿನಂತೆ ಬಾಗಿದ ಬಿಳಿ ಗೊಣ್ಣೆಹುಳುಗಳು ಸಿಗುವುದು ಬಹುಮಟ್ಟಿಗೆ ಖಚಿತ. ಮುಂಗಾರಿನ ಮೊದಲ ಮಳೆಗಳು ಬಿದ್ದ ಸಂಜೆ ಬೇವು ಮುಂತಾದ ಮರಗಳಿಗೆ ಮುತ್ತುವ ಕಂದು ದುಂಬಿಗಳು ಮಣ್ಣಿನಲ್ಲಿಟ್ಟ ಮೊಟ್ಟೆಗಳಿಂದ ಹೊರಬರುವ ಹುಳುಗಳಿವು. ಮಳೆಗಾಲವಿಡೀ ಬೇರು ತಿನ್ನುತ್ತವೆ. ಎದ್ದುಬಂದ ಭಾಗದ ಮಣ್ಣನ್ನು ಕೆದಕಿ ಹುಳುಗಳನ್ನು ಆರಿಸಿ ತೆಗೆಯಿರಿ, ಒಂದು ದಿನ ತೆರೆದಿಟ್ಟರೆ ಗೊರವಂಕ, ಕಾಗೆಗಳೂ ನೆರವಾಗುತ್ತವೆ. ಆಮೇಲೆ ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ, ಮಣ್ಣು ತೇವವಾಗಿರುವಾಗ ಸಂಜೆಯ ಹೊತ್ತು ಹರಡಿ ನೀರು ಹಾಯಿಸಬೇಕು. ಇದು ಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ. ಕೆಲಸ ನಿಧಾನವಾದ್ದರಿಂದ ಎರಡು ಮೂರು ವಾರ ತಾಳ್ಮೆ ಬೇಕು. ಅರೆಬರೆ ಕೊಳೆತ ಸಗಣಿಗೊಬ್ಬರವನ್ನು ಹುಲ್ಲುಹಾಸಿನ ಮೇಲೆ ಎಂದೂ ಹರಡಬೇಡಿ, ಗೊಣ್ಣೆಹುಳುವೂ ಕಳೆಬೀಜವೂ ಬರುವುದು ಆ ದಾರಿಯಲ್ಲೇ.

ಜೇಕಿನ ವಿಷಯದಲ್ಲಿ ಸುಲಭದ ಉಪಾಯವಿಲ್ಲವೆಂದು ನೇರವಾಗಿ ಹೇಳಿಬಿಡುತ್ತೇನೆ. ಮೇಲಿನ ಎಲೆಯನ್ನಷ್ಟೇ ಕಿತ್ತರೆ, ಸರಪಳಿಯಂತೆ ಒಂದಕ್ಕೊಂದು ಬೆಸೆದುಕೊಂಡು ಮಣ್ಣಿನಾಳದಲ್ಲಿರುವ ಗಡ್ಡೆಗಳಿಂದ ಮತ್ತೆ ಚಿಗುರುತ್ತದೆ. ನೀರುಣಿಸಿದ ಮರುದಿನ ಕುರ್ಪಿಯನ್ನು ಆಳಕ್ಕೆ ಇಳಿಸಿ ಗಡ್ಡೆಸಹಿತ ತೆಗೆಯಬೇಕು. ಉಳಿದದ್ದು ಚಿಗುರಿದಂತೆಲ್ಲ ಐದಾರು ಎಲೆಯಾಗುವ ಮೊದಲೇ ಮತ್ತೆ ಕೀಳಬೇಕು. ಹೀಗೆ ಬಿಡದೆ ಮಾಡಿದರೆ ಗಡ್ಡೆಯಲ್ಲಿರುವ ಆಹಾರ ಮುಗಿದು ಅದು ಸೋಲುತ್ತದೆ. ಹುಲ್ಲು ದಟ್ಟವಾಗಿದ್ದಲ್ಲಿ ಜೇಕಿಗೆ ಎಡೆ ಸಿಗದು. ಆದ್ದರಿಂದ ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸುವ ರೂಢಿಯನ್ನು ಬಿಟ್ಟು, ಒಂದೂವರೆ ಅಂಗುಲ ಎತ್ತರ ಉಳಿಸಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿರಿ. ಕತ್ತರಿಸಿದ ಸಣ್ಣ ತುಣುಕುಗಳನ್ನು ಅಲ್ಲಿಯೇ ಬಿಟ್ಟರೆ ಅವೇ ಗೊಬ್ಬರವಾಗುತ್ತವೆ. ಯೂರಿಯಾ ಹಾಕಿದರೆ ವಾರದಲ್ಲಿ ಹಸಿರು ಬರುವುದೇನೋ ನಿಜ, ಆದರೆ ಆ ಹಸಿರು ಎಳಸು. ಹೆಚ್ಚು ನೀರು ಬೇಡುತ್ತದೆ, ಪದೇಪದೇ ಕತ್ತರಿಸಬೇಕಾಗುತ್ತದೆ. ಅದರ ಬದಲು ಮಳೆಗಾಲದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಜರಡಿ ಹಿಡಿದ ಕಾಂಪೋಸ್ಟನ್ನು ಕಾಲು ಅಂಗುಲ ದಪ್ಪಕ್ಕೆ ಹರಡಿ ಪೊರಕೆಯಿಂದ ಹುಲ್ಲಿನ ನಡುವೆ ಇಳಿಸಿ. 100 ಚದರ ಅಡಿಗೆ 20 ಲೀಟರಿನ ಮೂರು ಬಕೆಟ್ ಬೇಕಾಗುತ್ತದೆ. ಜೊತೆಗೆ ಒಂದು ಕೆಜಿ ಬೇವಿನ ಹಿಂಡಿ ಸೇರಿಸಬಹುದು.

ಇನ್ನು ನೀರು. 600 ಚದರ ಅಡಿಗೆ ಒಂದು ಅಂಗುಲ ನೀರುಣಿಸಲು ಸುಮಾರು 1,400 ಲೀಟರ್ ಬೇಕು, ಬೇಸಿಗೆಯಲ್ಲಿ ವಾರಕ್ಕೆ ಅಷ್ಟಾದರೂ ಹುಲ್ಲು ಕುಡಿಯುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಕುಡಿಯುವ ನೀರನ್ನು ಬಳಸಬಾರದೆಂದು ಆದೇಶಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಪ್ರಕಟಿಸಿದ್ದು ನಿಮಗೆ ನೆನಪಿರಬಹುದು. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಹುಲ್ಲಿಗೆ ಬಿಡಬಹುದು, ಸೋಪಿನ ಮೊದಲ ನೀರು ಬೇಡ. ದಿನವೂ ಚಿಮುಕಿಸುವ ಬದಲು ಮೂರು ನಾಲ್ಕು ದಿನಕ್ಕೊಮ್ಮೆ ಬೆಳಗ್ಗೆ ಆಳಕ್ಕೆ ಇಳಿಯುವಂತೆ ಹಾಯಿಸಿದರೆ ಬೇರು ಕೆಳಗಿಳಿಯುತ್ತದೆ. ಆದರೂ ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಮಕ್ಕಳು ಆಡುವಷ್ಟು ಜಾಗವನ್ನು ಮಾತ್ರ ಹುಲ್ಲಿಗೆ ಉಳಿಸಿ, ಉಳಿದರ್ಧದಲ್ಲಿ ಸೊಪ್ಪು ತರಕಾರಿಯ ಮಡಿ ಮಾಡುವುದು ಒಳ್ಳೆಯದು. ಮೆಕ್ಸಿಕನ್ ಹುಲ್ಲು ತೀರಾ ಕೆಟ್ಟಿರುವಲ್ಲಿ ಗರಿಕೆಯನ್ನೇ ನೆಡಿ. ಪರದೇಶಗಳ ಕ್ರಿಕೆಟ್, ಫುಟ್‌ಬಾಲ್ ಅಂಗಣಗಳಲ್ಲಿ ಬರ್ಮುಡಾ ಎಂಬ ಹೆಸರಿನಲ್ಲಿ ಬೆಳೆಸುವುದೂ ಗರಿಕೆಯ ಬಳಗವನ್ನೇ. ಬಿಸಿಲನ್ನೂ ತುಳಿತವನ್ನೂ ಅದು ಚೆನ್ನಾಗಿ ತಾಳುತ್ತದೆ.

ಪ್ರಶ್ನೆ: ತಾರಸಿಯ ಕುಂಡಗಳಲ್ಲಿರುವ ಮೆಣಸಿನ ಗಿಡಗಳ ಎಲೆ ಮುಟುರಿಕೊಂಡಿದೆ. ಬೇವಿನೆಣ್ಣೆ ಸಿಂಪಡಿಸಿದರೆ ಕೆಲವು ಗಿಡ ಚೇತರಿಸಿಕೊಂಡವು, ಕೆಲವು ಇಲ್ಲ. ಏಕೆ?
– ಶಿಕ್ಷಕಿಯೊಬ್ಬರು, ಮೈಸೂರು

ಉತ್ತರ: ಮುಟುರು ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಈ ತೊಂದರೆಗೆ ಕಾರಣಗಳು ಮೂರು. ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಅದು ಥ್ರಿಪ್ಸ್ ಕೀಟದ ಕೆಲಸ. ಕುಡಿಯನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಒಣಹುಲ್ಲಿನ ಬಣ್ಣದ, ಗೆರೆಯಷ್ಟು ಸಣ್ಣ ಜೀವಿಗಳು ಓಡಾಡುವುದು ಬರಿಗಣ್ಣಿಗೇ ಕಾಣುತ್ತದೆ. ಎಲೆ ಕೆಳಮುಖವಾಗಿ ಬಾಗಿ, ತೊಟ್ಟು ಉದ್ದವಾಗಿದ್ದರೆ ಅದು ನುಸಿ, ಭೂತಗನ್ನಡಿಯಿಲ್ಲದೆ ಕಾಣಿಸದು. ಎಲೆಗಳು ಚಿಕ್ಕದಾಗಿ, ಹಳದಿಯಾಗಿ, ಗಿಡವೇ ಕುಬ್ಜವಾಗಿ ಗುಂಪುಗಟ್ಟಿದ್ದರೆ ಬಿಳಿನೊಣ ಹರಡುವ ನಂಜು (ವೈರಸ್) ರೋಗವೆಂದು ತಿಳಿಯಬೇಕು. ಇದಕ್ಕೆ ಯಾವ ಔಷಧಿಯೂ ಇಲ್ಲ, ಅಂತಹ ಗಿಡವನ್ನು ಕಿತ್ತು ದೂರ ಹಾಕುವುದೇ ಉಳಿದ ಗಿಡಗಳಿಗೆ ರಕ್ಷೆ.

ಥ್ರಿಪ್ಸ್‌ಗೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದಲ್ಲಿ ಕದಡಿ, ಸಂಜೆ, ಎಲೆಯ ಅಡಿಭಾಗ ತೋಯುವಂತೆ ವಾರಕ್ಕೊಮ್ಮೆ ಮೂರು ಬಾರಿ ಸಿಂಪಡಿಸಿ, ನೀಲಿ ಅಂಟುಹಾಳೆಗಳನ್ನು ತೂಗುಹಾಕಿ. ಬಿಳಿನೊಣಕ್ಕಾದರೆ ಹಾಳೆ ಹಳದಿಯಾಗಿರಬೇಕು. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನ ಹೊಲಗಳಿಗೆ ಎರಗಿದ ಹೊಸ ಜಾತಿಯ ಥ್ರಿಪ್ಸ್ ಹೂವಿನೊಳಗೆ ಗುಂಪಾಗಿ ಅಡಗುತ್ತದೆ, ಆದ್ದರಿಂದ ಹೂಗಳನ್ನೂ ಬಿಡಿಸಿ ನೋಡಿ. ನುಸಿಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ, ಹೆಚ್ಚು ಪರಿಣಾಮಕಾರಿ. ಸಾವಯವ ಕೃಷಿಯಲ್ಲಿಯೂ ಗಂಧಕಕ್ಕೆ ಅವಕಾಶವಿದೆ. ಆದರೆ ಬೇವಿನೆಣ್ಣೆ ಹೊಡೆದ ಗಿಡಕ್ಕೆ ಮೂರು ವಾರ ಕಳೆಯದೆ ಗಂಧಕ ಹೊಡೆಯಬಾರದು, ಬಿರುಬಿಸಿಲಿನಲ್ಲಿಯೂ ಕೂಡದು. ಎರಡೂ ಸಂದರ್ಭದಲ್ಲಿ ಎಲೆ ಸುಡುತ್ತದೆ.

ಪ್ರಶ್ನೆ: ಹೀರೆಬಳ್ಳಿ ಸೊಂಪಾಗಿದೆ, ಹೂವೂ ಬಹಳ. ಆದರೆ ಬೆರಳುದ್ದದ ಕಾಯಿಗಳು ಹಳದಿಯಾಗಿ ಉದುರುತ್ತವೆ. ಹಣ್ಣುನೊಣದ ಬಲೆ ತಂದು ಕಟ್ಟಿದರೂ ಉಪಯೋಗವಾಗಲಿಲ್ಲ.
– ನಿವೃತ್ತ ನೌಕರರೊಬ್ಬರು, ಹಾಸನ

ಉತ್ತರ: ಉದುರಿದ ಕಾಯಿಯನ್ನು ಉದ್ದಕ್ಕೆ ಸೀಳಿ ನೋಡುವುದು ಮೊದಲ ಕೆಲಸ. ಮೇಲೆ ಸೂಜಿ ಚುಚ್ಚಿದಂತಹ ಗುರುತು, ಅಲ್ಲಿ ಅಂಟಿನ ಹನಿ, ಒಳಗೆ ಬಿಳಿ ಹುಳುಗಳಿದ್ದರೆ ಹಣ್ಣುನೊಣವೇ ಕಾರಣ. ಒಳಗೆ ಏನೂ ಇಲ್ಲದೆ ತುದಿಯಿಂದ ಸೊರಗಿದ್ದರೆ ಪರಾಗಸ್ಪರ್ಶವಾಗಿಲ್ಲ ಎಂದರ್ಥ.

ಹೀರೆಯ ಹೂ ಅರಳುವುದು ಸಂಜೆ. ಬೆಳಗ್ಗೆ ಬರುವ ಜೇನುನೊಣಗಳಿಗೆ ಅದು ತಾಜಾ ಸಿಗುವುದಿಲ್ಲ. ಸಂಜೆ ಹಾರುವ ಪತಂಗಗಳು ಪೇಟೆಯ ದೀಪಗಳ ನಡುವೆ ಕಡಿಮೆ. ಆದ್ದರಿಂದ ಸಂಜೆ ಆರು ಗಂಟೆಯ ಹೊತ್ತಿಗೆ ನೀವೇ ಬಳ್ಳಿಯ ಬಳಿ ಹೋಗಿ. ಗೊಂಚಲಿನಲ್ಲಿ ಒಂದೊಂದಾಗಿ ಅರಳುವವು ಗಂಡುಹೂಗಳು. ಒಂಟಿಯಾಗಿದ್ದು, ಎಸಳಿನ ಹಿಂದೆಯೇ ಏಣುಗಳುಳ್ಳ ಪುಟ್ಟ ಕಾಯಿಯನ್ನು ಹೊತ್ತಿರುವುದು ಹೆಣ್ಣುಹೂ. ಗಂಡುಹೂವನ್ನು ಕಿತ್ತು, ಅದರ ಎಸಳುಗಳನ್ನು ಬಿಡಿಸಿ, ಹಳದಿ ಪುಡಿಯಿರುವ ನಡುಭಾಗವನ್ನು ಹೆಣ್ಣುಹೂವಿನ ನಡುವಣ ಜಿಗುಟಾದ ಭಾಗಕ್ಕೆ ಮೆತ್ತಗೆ ಸವರಿ. ಕೆಲವೇ ದಿನಗಳಲ್ಲಿ ಕಾಯಿ ಗಿಡ್ಡ ತೊಟ್ಟಿನಿಂದ ಕೆಳಗೆ ಬಾಗಿ ಉದ್ದವಾಗತೊಡಗುತ್ತದೆ. ಸೋರೆಗೂ ಇದೇ ಸಂಜೆಯ ಹೊತ್ತು; ಹಾಗಲ, ಕುಂಬಳ, ಸೌತೆಗಳಿಗೆ ಮುಂಜಾನೆ.

ನಿಮ್ಮ ಬಲೆ ಕೆಲಸ ಮಾಡದಿರುವುದಕ್ಕೂ ಕಾರಣವಿದೆ. ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವುದು ಮಾವಿನ ಹಣ್ಣುನೊಣಕ್ಕೆಂದು ಮಾಡಿದ ಮಿಥೈಲ್ ಯೂಜಿನಾಲ್ ಎಂಬ ವಾಸನೆಯ ಬಲೆ. ಬಳ್ಳಿ ತರಕಾರಿಗಳನ್ನು ಚುಚ್ಚುವ ನೊಣ ಬೇರೆ ಜಾತಿಯದು. ಅದರ ಗಂಡುಗಳು ಕ್ಯೂ ಲ್ಯೂರ್ ಎಂಬ ವಾಸನೆಗೆ ಮಾತ್ರ ಬರುತ್ತವೆ. ಹೆಸರನ್ನು ಓದಿ ಕೊಂಡುಕೊಳ್ಳಿ. ಹುಳು ಬಿದ್ದ ಕಾಯಿಗಳನ್ನು ಬುಡದಲ್ಲಿಯೇ ಬಿಟ್ಟರೆ ಒಳಗಿನ ಹುಳುಗಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣಗಳಾಗುತ್ತವೆ. ಅಂತಹ ಕಾಯಿಗಳನ್ನು ದಿನವೂ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಬಿಸಿಲಿಗಿಡಿ. ಕಾಯಿ ಕಚ್ಚಿದ ಮರುದಿನವೇ ಕಾಗದದ ಕೊಟ್ಟೆ ತೊಡಿಸುವುದು ಎಲ್ಲಕ್ಕಿಂತ ಭದ್ರ. ಮನೆಮಟ್ಟಿನ ಒಂದೆರಡು ಬಳ್ಳಿಗಳಿಗೆ ಅದೇನೂ ಕಷ್ಟವಲ್ಲ.

ಪ್ರಶ್ನೆ: ದಾಸವಾಳ ಮತ್ತು ಪಪ್ಪಾಯಿಯ ತುಂಬ ಬಿಳಿ ಹತ್ತಿಯಂತೆ ಅಂಟಿಕೊಂಡಿದೆ, ಇರುವೆಗಳೂ ಇವೆ.
– ಗೃಹಿಣಿಯೊಬ್ಬರು, ತುಮಕೂರು

ಉತ್ತರ: ಇದು ಹಿಟ್ಟುತಿಗಣೆ. ಇರುವೆಗಳು ಅದರ ಸಿಹಿದ್ರವಕ್ಕಾಗಿ ಬಂದು, ತಿಗಣೆಯ ಶತ್ರುಗಳನ್ನು ಓಡಿಸುತ್ತವೆ. ಆದ್ದರಿಂದ ಮೊದಲು ಇರುವೆಗಳ ದಾರಿಯನ್ನು ತಡೆಯಿರಿ. ಕುಂಡವಾದರೆ ನೀರಿನ ತಟ್ಟೆಯಲ್ಲಿಡಿ. ಪೈಪಿನ ಜೋರು ನೀರಿನಿಂದ ತಿಗಣೆಗಳನ್ನು ಉದುರಿಸಿ, ಬಹಳ ಮುತ್ತಿರುವ ಕುಡಿಗಳನ್ನು ಚಿವುಟಿ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು ಸಿಕ್ಕರೆ ಅದನ್ನು ಬಳಸಿ. ತೀಕ್ಷ್ಣ ಕೀಟನಾಶಕ ಬೇಡವೇ ಬೇಡ. 2008ರ ಹೊತ್ತಿಗೆ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ ತೋಟಗಳನ್ನೇ ನುಂಗಿದಾಗ, ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಬ್ಯೂರೋ ಪೋರ್ಟೊರಿಕೋದಿಂದ ತರಿಸಿ ಬಿಡುಗಡೆ ಮಾಡಿದ ಅತಿ ಸಣ್ಣ ಕಣಜಗಳು. ತಿಗಣೆಗಳ ನಡುವೆ ಕಂದಾಗಿ ಉಬ್ಬಿ, ತೂತು ಬಿದ್ದ ಒಣದೇಹಗಳು ಕಂಡರೆ ಅಂತಹ ಕಣಜ ನಿಮ್ಮಂಗಳಕ್ಕೂ ಬಂದಿದೆಯೆಂದು ತಿಳಿದು, ಎಲ್ಲ ಸಿಂಪಡಣೆಯನ್ನೂ ನಿಲ್ಲಿಸಿ.

ಪ್ರಶ್ನೆ: ಜೀವಾಮೃತವನ್ನು ಎಕರೆ ಲೆಕ್ಕದಲ್ಲಿ ಹೇಳುತ್ತಾರೆ. ಮೂವತ್ತು ನಲವತ್ತು ಕುಂಡಗಳಿಗೆ ಎಷ್ಟು ಮಾಡಿಕೊಳ್ಳಬೇಕು? ಬಾಟಲಿಯಲ್ಲಿ ಸಿಗುವುದನ್ನು ಕೊಳ್ಳಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಜೀವಾಮೃತವೆಂದರೆ ಸಗಣಿ, ಗಂಜಲ, ಬೆಲ್ಲ ಮುಂತಾದವನ್ನು ನೀರಿನಲ್ಲಿ ಕಳಿಸಿದ ದ್ರವ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರು ಪ್ರಚುರಪಡಿಸಿದ ಅಳತೆಯಲ್ಲಿ ಒಂದು ಎಕರೆಗೆ 200 ಲೀಟರ್ ನೀರು. ಅದರ ಹತ್ತನೇ ಒಂದು ಭಾಗವೇ ನಿಮಗೆ ಹೆಚ್ಚು: 20 ಲೀಟರ್ ನೀರಿಗೆ ಒಂದು ಕೆಜಿ ಹಸಿ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು ಮತ್ತು ರಾಸಾಯನಿಕ ಬೀಳದ ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿ ಗೋಣಿ ಮುಚ್ಚಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುಗಿಸಿದರೆ 48 ಗಂಟೆಗಳಲ್ಲಿ ಸಿದ್ಧವಾಗುತ್ತದೆ, ವಾರದೊಳಗೆ ಬಳಸಿ ಮುಗಿಸಬೇಕು. ಕುಂಡಕ್ಕೆ ಹತ್ತು ಪಾಲು ನೀರು ಬೆರೆಸಿ ಕೊಡಿ. ಸೊಪ್ಪಿನ ಎಲೆಗಳ ಮೇಲೆ ಬೀಳದಂತೆ ಬುಡಕ್ಕೆ ಮಾತ್ರ. ತಿಂಗಳುಗಟ್ಟಲೆ ಮುಚ್ಚಿಟ್ಟ ಬಾಟಲಿಗೆ ಹಣ ಹಾಕಬೇಡಿ, ಅಷ್ಟೇ ಹಣಕ್ಕೆ ಒಳ್ಳೆಯ ಎರೆಗೊಬ್ಬರ ಬರುತ್ತದೆ. ಒಂದು ಮಾತು: ಕುಂಡದ ಮಣ್ಣಿನಲ್ಲಿ ಗೊಬ್ಬರದ ಅಂಶವೇ ಇಲ್ಲದಿದ್ದರೆ ಜೀವಾಮೃತದಿಂದ ಗಿಡದ ಹೊಟ್ಟೆ ತುಂಬುವುದಿಲ್ಲ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಟೊಮೆಟೊ ಹೂವೆಲ್ಲ ಉದುರುತ್ತವೆ. ನಿಂತ ಕೆಲವು ಕಾಯಿಗಳ ತಳವೂ ಕಪ್ಪಾಗುತ್ತದೆ. ಮೊಟ್ಟೆಚಿಪ್ಪಿನ ಪುಡಿ ಹಾಕಿ ನೋಡಿದೆ.
– ವಿದ್ಯಾರ್ಥಿಯೊಬ್ಬರು, ಕಲಬುರಗಿ

ಉತ್ತರ: ನಿಮ್ಮಲ್ಲಿ ಆ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಹಗಲಿನ ಬಿಸಿ 35 ಡಿಗ್ರಿ ಮೀರಿದರೆ ಟೊಮೆಟೊ ಪರಾಗ ಕೆಲಸಕ್ಕೆ ಬಾರದಾಗಿ ಹೂ ಉದುರುತ್ತದೆ. ಶೇ 50ರ ನೆರಳುಬಲೆಯಿಂದ ಗಿಡ ಬದುಕೀತು, ಫಸಲು ಅಷ್ಟಕ್ಕಷ್ಟೆ. ತಳ ಕಪ್ಪಾಗುವುದು ಸುಣ್ಣದ ಅಂಶ ಕಾಯಿಗೆ ತಲುಪದ್ದರಿಂದ, ಅದು ತಲುಪದಿರುವುದು ಹೆಚ್ಚಾಗಿ ನೀರು ಒಮ್ಮೆ ಅತಿ, ಒಮ್ಮೆ ಇಲ್ಲವೆಂಬಂತೆ ಆಗುವುದರಿಂದ. ಮೊಟ್ಟೆಚಿಪ್ಪು ಕರಗಲು ತಿಂಗಳುಗಳೇ ಬೇಕು, ಈ ಬೆಳೆಗೆ ಅದರಿಂದ ಪ್ರಯೋಜನವಿಲ್ಲ. ಬುಡಕ್ಕೆ ಮೂರು ಅಂಗುಲ ಒಣಹುಲ್ಲು ಅಥವಾ ತೊಗರಿ ಹೊಟ್ಟು ಹೊದಿಸಿ, ದಿನವೂ ಒಂದೇ ಹೊತ್ತಿಗೆ ಒಂದೇ ಅಳತೆಯ ನೀರು ಕೊಡಿ. ಮುಂದಿನ ಬೇಸಿಗೆಗೆ ಚವಳಿಕಾಯಿ, ಬೆಂಡೆ, ರಾಜಗಿರಿ ಸೊಪ್ಪು ಹಾಕಿಕೊಂಡು, ಟೊಮೆಟೊ ಬೀಜವನ್ನು ಸೆಪ್ಟೆಂಬರ್‌ನಲ್ಲಿ ಸಸಿಮಡಿಗೆ ಬಿತ್ತಿ ತಿಂಗಳಾಗುತ್ತಲೇ ನಾಟಿ ಮಾಡಿ.